‘ನ್ಯಾನೋ’ ಅಂದ ಮಾತ್ರಕ್ಕೆ 60 ಸಾವಿರ ಜಾಸ್ತಿ ಕೊಡಬೇಕಾ?

ಪ್ರಶ್ನೆ: ನಮ್ಮ ಮನೆ ಕಾಸರಗೋಡು ಜಿಲ್ಲೆಯ ಪೆರ್ಲದಿಂದ ಸ್ವಲ್ಪ ಒಳಗೆ, ಗುಡ್ಡದ ಬುಡದಲ್ಲಿ. ಎರಡು ಎಕರೆ ಅಡಿಕೆ, ನಡುನಡುವೆ ತೆಂಗು. ತಾರಸಿಯ ಮೇಲೆ 3 ಕಿಲೋವ್ಯಾಟ್ ಸೋಲಾರ್ ಹಾಕಿಸಲು ಎರಡು ಕೊಟೇಷನ್ ತರಿಸಿದೆ. ಒಬ್ಬರದು 1 ಲಕ್ಷ 95 ಸಾವಿರ, ಮಾಮೂಲಿ ಪ್ಯಾನೆಲ್. ಇನ್ನೊಬ್ಬರದು 2 ಲಕ್ಷ 55 ಸಾವಿರ. ಇವರದು ‘ನ್ಯಾನೋ ಟೆಕ್ನಾಲಜಿ’ ಪ್ಯಾನೆಲ್ ಅಂತೆ, ಶೇ. 40 ಜಾಸ್ತಿ ಕರೆಂಟ್, ಮಳೆಯಲ್ಲೂ ಉತ್ಪಾದನೆ. ಮೇಲೆ 12 ಸಾವಿರ ಕೊಟ್ಟರೆ ನ್ಯಾನೋ ಕೋಟಿಂಗ್ ಹೊಡೆದು ಕೊಡ್ತಾರೆ, ಮತ್ತೆ ತೊಳೆಯುವ ಕೆಲಸವೇ ಇಲ್ಲ ಅಂತಾರೆ. ಎಂಜಿನಿಯರಿಂಗ್ ಓದುವ ಮಗ ‘ಎರಡು ವರ್ಷ ಕಾಯುವಾ, ಸಿಲಿಕಾನ್ ಬದಲು ಪೆರೋವ್‌ಸ್ಕೈಟ್ ಅನ್ನುವ ಹೊಸ ವಸ್ತುವಿನ ಪ್ಯಾನೆಲ್ ಬರ್ತದೆ, ಅರ್ಧ ರೇಟಿಗೆ ಸಿಗ್ತದೆ’ ಅನ್ನುತ್ತಾನೆ. ಅಮ್ಮನಿಗೆ ಬೇರೆಯೇ ಹೆದರಿಕೆ: ನ್ಯಾನೋ ಅಂದರೆ ವಿಷದ ಪುಡಿಯಂತೆ, ತಾರಸಿಯ ನೀರು ಬಾವಿಗೆ ಬಿಡುತ್ತೇವಲ್ಲ ಅಂತ. ಏನು ಮಾಡಲಿ?
– ಎಣ್ಮಕಜೆಯ ಒಬ್ಬ ಓದುಗರು

ಉತ್ತರ: ನಿಮ್ಮ ಪತ್ರದಲ್ಲಿ ನಾಲ್ಕು ಪ್ರಶ್ನೆ ಇವೆ. ಹೆಚ್ಚು ಕೊಡುವ 60 ಸಾವಿರ ವಾಪಸು ಬರುತ್ತದಾ, ಕೋಟಿಂಗ್ ಬೇಕಾ, ಕಾಯಬೇಕಾ, ವಿಷವಾ. ಕಳೆದ ಎರಡು ವರ್ಷದಲ್ಲಿ ಬದಿಯಡ್ಕ, ಮುಳ್ಳೇರಿಯ, ಕುಂಬಳೆ ಕಡೆಯಿಂದ ಹೆಚ್ಚು ಕಡಿಮೆ ಇದೇ ಪ್ರಶ್ನೆ ನನಗೆ ಎಷ್ಟೋ ಸಲ ಬಂದಿದೆ. ಹಾಗಾಗಿ ಸ್ವಲ್ಪ ಬಿಡಿಸಿಯೇ ಬರೆಯುತ್ತೇನೆ.

ಮೊದಲು ಒಂದು ವಿಷಯ. ಆ 1 ಲಕ್ಷ 95 ಸಾವಿರದ ಮಾಮೂಲಿ ಪ್ಯಾನೆಲ್‌ನಲ್ಲೂ ನ್ಯಾನೋ ಇದೆ.

ಅಡಿಕೆ ಒಣಗಿಸಲು ಅಂಗಳಕ್ಕೆ ಯುವಿ ಶೀಟಿನ ಮಾಡು ಹಾಕಿಸಿದ್ದೀರಾ? ಅಂಗಡಿಯಲ್ಲಿ ‘200 ಮೈಕ್ರಾನ್’ ಅಂತ ಕೇಳಿ ತರುತ್ತೀರಲ್ಲ, ಅದು 2 ಲಕ್ಷ ನ್ಯಾನೋಮೀಟರ್. ಒಂದು ಮೈಕ್ರಾನ್ ಅಂದರೆ 1000 ನ್ಯಾನೋಮೀಟರ್. ಇನ್ನು ಪ್ಯಾನೆಲ್ ಒಳಗಿರುವ ಸೋಲಾರ್ ಸೆಲ್ ನೋಡಿ. ಬರೀ ಸಿಲಿಕಾನ್ ಬಿಲ್ಲೆ ಬೂದು ಬಣ್ಣದ್ದು, ಬಿದ್ದ ಬೆಳಕಿನಲ್ಲಿ ಮೂರನೇ ಒಂದು ಪಾಲನ್ನು ಹಾಗೇ ವಾಪಸು ಎಸೆಯುತ್ತದೆ. ಅದರ ಮೇಲೆ 75ರಿಂದ 80 ನ್ಯಾನೋಮೀಟರ್ ದಪ್ಪಕ್ಕೆ ಸಿಲಿಕಾನ್ ನೈಟ್ರೈಡ್ ಹಚ್ಚುತ್ತಾರೆ. ಪ್ಯಾನೆಲ್‌ಗೆ ಕಡು ನೀಲಿ ಬಣ್ಣ ಬರುವುದು ಆ ಪದರದಿಂದಲೇ. ಈಗ ಎಲ್ಲ ಕಡೆ ಸಿಗುವ ಟಾಪ್‌ಕಾನ್ ಪ್ಯಾನೆಲ್‌ಗಳಲ್ಲಿ ಸೆಲ್‌ನ ಹಿಂಬದಿಗೆ ಒಂದೂವರೆ ನ್ಯಾನೋಮೀಟರ್‌ನಷ್ಟು ತೆಳ್ಳಗಿನ ಆಕ್ಸೈಡ್ ಪದರ ಇರುತ್ತದೆ. ಮೇಲಿನ ಗಾಜಿಗೂ ಸುಮಾರು 100 ನ್ಯಾನೋಮೀಟರ್‌ನ, ಸಣ್ಣ ಸಣ್ಣ ತೂತಿರುವ ಸಿಲಿಕಾ ಪದರ. ಅದರಿಂದ ಶೇ. 2-3ರಷ್ಟು ಬೆಳಕು ಜಾಸ್ತಿ ಒಳಗೆ ಹೋಗುತ್ತದೆ.

ಅಂದರೆ ‘ನ್ಯಾನೋ ಟೆಕ್ನಾಲಜಿ ಪ್ಯಾನೆಲ್’ ಅಂತ ಮಾರುವುದು ಸುಳ್ಳಲ್ಲ. ‘ಉಪ್ಪು ಹಾಕಿದ ಸಾಂಬಾರು’ ಅಂತ ಬೋರ್ಡು ಬರೆದು ಹತ್ತು ರೂಪಾಯಿ ಜಾಸ್ತಿ ತೆಗೆದುಕೊಂಡ ಹಾಗೆ, ಅಷ್ಟೇ.

ಈ ಶೇ. 40 ಎಲ್ಲಿಂದ ಬಂತು? ಪೂರ್ತಿ ಗಾಳಿಯಲ್ಲಿ ಹುಟ್ಟಿದ್ದಲ್ಲ ಅದು. ಹತ್ತು ವರ್ಷ ಹಿಂದಿನ ‘ಪಾಲಿ’ ಅನ್ನುವ ಜಾತಿಯ ಪ್ಯಾನೆಲ್‌ನ ದಕ್ಷತೆ, ಅಂದರೆ ಬಿದ್ದ ಬೆಳಕಿನಲ್ಲಿ ಕರೆಂಟ್ ಆಗುವ ಪಾಲು, ಸುಮಾರು ಶೇ. 17 ಇತ್ತು. ಇವತ್ತಿನ ಬಹಳ ಒಳ್ಳೆಯ ಪ್ಯಾನೆಲ್ ಶೇ. 24ರ ಹತ್ತಿರ ಇದೆ. 17ರಿಂದ 24ಕ್ಕೆ ಹೋದರೆ ಶೇ. 41 ಏರಿಕೆ. ಲೆಕ್ಕ ಸರಿಯೇ ಇದೆ. ಆದರೆ ಅದು ಒಂದು ಚದರ ಅಡಿಗೆ ಎಷ್ಟು ಎಂಬ ಲೆಕ್ಕ. ನೀವು ಪ್ಯಾನೆಲನ್ನು ಚದರ ಅಡಿಗೆ ಕೊಳ್ಳುತ್ತಿಲ್ಲ, ವ್ಯಾಟಿಗೆ ಕೊಳ್ಳುತ್ತಿದ್ದೀರಿ. ಪ್ಯಾನೆಲ್‌ನ ಹಿಂಬದಿಗೆ ಬರೆದಿರುವ ವ್ಯಾಟ್ ಅಂದರೆ ಸೆಲ್‌ನ ಬಿಸಿ 25 ಡಿಗ್ರಿ ಇದ್ದು, ಚದರ ಮೀಟರಿಗೆ 1000 ವ್ಯಾಟ್ ಬೆಳಕು ಬಿದ್ದಾಗ ಅಳೆದದ್ದು. ದಕ್ಷತೆ, ನ್ಯಾನೋ, ಎಲ್ಲ ಆ ಸಂಖ್ಯೆಯೊಳಗೆ ಸೇರಿಯೇ ಇದೆ. ಶೇ. 17ರ ಪ್ಯಾನೆಲ್ 3 ಕಿಲೋವ್ಯಾಟ್ ಹಾಕಿದರೂ, ಶೇ. 24ರದು 3 ಕಿಲೋವ್ಯಾಟ್ ಹಾಕಿದರೂ ಸಿಗುವ ಕರೆಂಟ್ ಹತ್ತಿರ ಹತ್ತಿರ ಒಂದೇ. ಜಾಗ ಮಾತ್ರ ಕಡಿಮೆ ಸಾಕು: 190 ಚದರ ಅಡಿಯ ಬದಲು 135. ಕಿಲೋ ಲೆಕ್ಕದಲ್ಲಿ ಅಡಿಕೆ ಕೊಡುವಾಗ ‘ನನ್ನ ಅಡಿಕೆ ದೊಡ್ಡದು, ಕಿಲೋಗೆ ಶೇ. 40 ಜಾಸ್ತಿ ತೂಗುತ್ತದೆ’ ಅಂದರೆ ವ್ಯಾಪಾರಿ ಒಪ್ಪುತ್ತಾನಾ?

ಇನ್ನು ಲೆಕ್ಕ. ನಮ್ಮ ಮಳೆಗಾಲವನ್ನೂ ಸೇರಿಸಿ ಸರಾಸರಿ ನೋಡಿದರೆ, ನೆರಳಿಲ್ಲದ 3 ಕಿಲೋವ್ಯಾಟ್‌ನಿಂದ ವರ್ಷಕ್ಕೆ 4000 ಯೂನಿಟ್ ಆಸುಪಾಸು ನಿರೀಕ್ಷಿಸಬಹುದು. ಯೂನಿಟಿಗೆ 6 ರೂಪಾಯಿ ಹಿಡಿಯೋಣ. ನಿಮ್ಮ ಕೆಎಸ್‌ಇಬಿ (ಕೇರಳದ ವಿದ್ಯುತ್ ಮಂಡಳಿ) ಬಿಲ್ಲಿನ ಸ್ಲ್ಯಾಬ್ ನೋಡಿ ಬದಲಿಸಿಕೊಳ್ಳಿ. ಒಳ್ಳೆಯ ಪ್ಯಾನೆಲ್‌ಗೆ ನಿಜವಾದ ಒಂದು ಲಾಭ ಇದೆ, ಅದು ಬಿಸಿಲಿನ ವಿಷಯದಲ್ಲಿ. ಏಪ್ರಿಲ್ ಮಧ್ಯಾಹ್ನ ತಾರಸಿಯ ಮೇಲೆ ಸೆಲ್‌ನ ಬಿಸಿ 60 ಡಿಗ್ರಿ ದಾಟುತ್ತದೆ. ಹಳೆ ಮಾದರಿಯ ಪರ್ಕ್ ಪ್ಯಾನೆಲ್ ಪ್ರತಿ ಡಿಗ್ರಿಗೆ ಶೇ. 0.35ರಷ್ಟು ಶಕ್ತಿ ಕಳೆದುಕೊಳ್ಳುತ್ತದೆ. ಟಾಪ್‌ಕಾನ್ ಶೇ. 0.30. ಎಚ್‌ಜೆಟಿ ಅನ್ನುವ ಇನ್ನೊಂದು ಜಾತಿ ಶೇ. 0.25. ಇವೆಲ್ಲ ನ್ಯಾನೋ ಪದರಗಳ ಪುಣ್ಯವೇ. ಅತಿ ಬಿಸಿಯ ಹೊತ್ತಿನಲ್ಲಿ ಪರ್ಕ್‌ಗೂ ಎಚ್‌ಜೆಟಿಗೂ ಶೇ. 3.5 ವ್ಯತ್ಯಾಸ ಬರುತ್ತದೆ. ವರ್ಷವಿಡೀ ಶೇ. 3 ಅಂತಲೇ ಉದಾರವಾಗಿ ಹಿಡಿಯಿರಿ. 4000ಕ್ಕೆ ಶೇ. 3 ಅಂದರೆ 120 ಯೂನಿಟ್, ವರ್ಷಕ್ಕೆ 720 ರೂಪಾಯಿ. 60 ಸಾವಿರ ವಾಪಸು ಬರಲು 83 ವರ್ಷ ಬೇಕು. ಪ್ಯಾನೆಲ್‌ನ ಗ್ಯಾರಂಟಿ 25 ಅಥವಾ 30 ವರ್ಷ.

ನಿಜವಾಗಿ ಶೇ. 40 ಜಾಸ್ತಿ ಬಂದಿದ್ದರೆ 60 ಸಾವಿರ ಆರೇ ವರ್ಷದಲ್ಲಿ ವಾಪಸು ಬರುತ್ತಿತ್ತು. ಹಾಗಾಗಿ ಅವರಲ್ಲಿ ಒಂದು ಮಾತು ಕೇಳಿ: ವರ್ಷಕ್ಕೆ ಇಷ್ಟು ಯೂನಿಟ್ ಬರುತ್ತದೆ, ಬರದಿದ್ದರೆ ಇಷ್ಟು ಹಣ ವಾಪಸು ಅಂತ ಬರೆದು ಸಹಿ ಹಾಕಿ ಕೊಡ್ತೀರಾ? ಸೀಲ್ ಹಾಕಿ ಕೊಟ್ಟರೆ ನನಗೂ ಒಂದು ಫೋಟೋ ಕಳುಹಿಸಿ.

ಜಾಗ ಕಡಿಮೆ ಸಾಕು ಅಂದೆನಲ್ಲ, ಅದು ಕೆಲವರಿಗೆ ದೊಡ್ಡ ವಿಷಯ. ಮುಳ್ಳೇರಿಯ ಹತ್ತಿರ ಒಂದು ಮನೆ ನೋಡಿದ್ದೆ. ಸುತ್ತ ಅಡಿಕೆ, ತಾರಸಿಯಲ್ಲಿ ಬೆಳಿಗ್ಗೆ ಒಂಬತ್ತರಿಂದ ಮೂರರವರೆಗೆ ಬಿಸಿಲು ಬೀಳುವ ಜಾಗ ಒಂದು ಸಣ್ಣ ಕೋಣೆಯಷ್ಟು. ಅಲ್ಲಿ ದುಬಾರಿ ಪ್ಯಾನೆಲ್ ಹಾಕಿ ಅಂತ ನಾನೇ ಹೇಳಿದೆ. ಅಗ್ಗದ್ದು ಹಾಕಿದರೆ ಅರ್ಧ ಪ್ಯಾನೆಲ್‌ಗಳು ನೆರಳಿನಲ್ಲಿ ಕೂರುತ್ತಿದ್ದವು. ಪ್ಯಾನೆಲ್‌ನಲ್ಲಿ ಸೆಲ್‌ಗಳು ಸರಪಳಿಯ ಹಾಗೆ ಒಂದಕ್ಕೊಂದು ಜೋಡಿಕೊಂಡಿರುತ್ತವೆ. ಒಂದು ತೆಂಗಿನ ಗರಿಯ ನೆರಳು ಅಡ್ಡ ಬಿದ್ದರೂ ಪ್ಯಾನೆಲ್‌ನ ಮೂರನೇ ಒಂದು ಭಾಗ ಸುಮ್ನೆ ಕೂತುಬಿಡಬಹುದು. ಯಾವ ನ್ಯಾನೋ ಕೂಡ ಅದನ್ನು ಸರಿ ಮಾಡುವುದಿಲ್ಲ.

‘ನ್ಯಾನೋ ಅಂದರೆ ದುಬಾರಿ ಸಾಮಾನು, ಅದಕ್ಕೇ ರೇಟು’ ಅನ್ನುವ ಮಾತೂ ಬರುತ್ತದೆ. ಇದನ್ನು ಸ್ವಲ್ಪ ನೋಡೋಣ. 80 ನ್ಯಾನೋಮೀಟರ್ ಪದರವನ್ನು ಒಂದು ಚದರ ಮೀಟರಿಗೆ ಹಚ್ಚಲು ಬೇಕಾಗುವ ಸಾಮಾನು ಸುಮಾರು ಕಾಲು ಗ್ರಾಂ. ಸಾಮಾನಿನ ಖರ್ಚು ಇಲ್ಲವೆಂದೇ ಹೇಳಬೇಕು. ಖರ್ಚು ಇರುವುದು ಹಚ್ಚುವ ಯಂತ್ರಕ್ಕೆ, ಗಂಟೆಗೆ ಎಷ್ಟು ಬಿಲ್ಲೆ ಹೊರಬರುತ್ತವೆ ಅನ್ನುವುದಕ್ಕೆ, ನೂರರಲ್ಲಿ ಎಷ್ಟು ಹಾಳಾಗುತ್ತವೆ ಅನ್ನುವುದಕ್ಕೆ. ಪರ್ಕ್‌ನ ಕಥೆ ಇದಕ್ಕೆ ಒಳ್ಳೆಯ ಉದಾಹರಣೆ. ಆಸ್ಟ್ರೇಲಿಯಾದಲ್ಲಿ ಮಾರ್ಟಿನ್ ಗ್ರೀನ್ ಅವರ ತಂಡ 1980ರ ದಶಕದಲ್ಲೇ ಅದನ್ನು ಮಾಡಿ ತೋರಿಸಿತ್ತು. ಎಲ್ಲರ ತಾರಸಿಗೆ ಬಂದದ್ದು 2015ರ ಮೇಲೆ. ಆಗಲೇ ನಡೆಯುತ್ತಿದ್ದ ಕಾರ್ಖಾನೆಗೆ ಒಂದೆರಡು ಯಂತ್ರ ಸೇರಿಸಿದರೆ ಸಾಕು ಅನ್ನುವ ಸ್ಥಿತಿ ಬಂದ ಮೇಲೆಯೇ ಅದು ಗೆದ್ದದ್ದು. ಟಾಪ್‌ಕಾನ್ ಜರ್ಮನಿಯ ಪ್ರಯೋಗಾಲಯದಿಂದ 2013ರಲ್ಲಿ ಹೊರಬಂತು, ಹತ್ತೇ ವರ್ಷದಲ್ಲಿ ಮಾರುಕಟ್ಟೆ ಹಿಡಿಯಿತು. ಇಲ್ಲೂ ಕಾರಣ ಅದೇ. ಚಿನ್ನದ ನ್ಯಾನೋ ಕಣ, ಕ್ವಾಂಟಮ್ ಡಾಟ್ ಅನ್ನುವ ಕೆಲವೇ ನ್ಯಾನೋಮೀಟರ್‌ನ ಹರಳು ಇವೆಲ್ಲ ವಿಜ್ಞಾನವಾಗಿ ಬಹಳ ಚಂದ. ಕ್ವಾಂಟಮ್ ಡಾಟ್‌ಗೆ 2023ರ ರಸಾಯನಶಾಸ್ತ್ರದ ನೊಬೆಲ್ ಕೂಡ ಬಂತು. ನಿಮ್ಮ ತಾರಸಿಗೆ ಬರಲು ಅವು ಇನ್ನೂ ಹೊರಟಿಲ್ಲ. ಅವು ಸ್ಪರ್ಧೆ ಮಾಡಬೇಕಾದದ್ದು ಇಳಿಯುತ್ತಲೇ ಇರುವ ಬೆಲೆಯ ಜೊತೆ. 2008ರಲ್ಲಿ ವ್ಯಾಟಿಗೆ ಮೂರು-ನಾಲ್ಕು ಡಾಲರ್ ಇದ್ದ ಸಿಲಿಕಾನ್ ಪ್ಯಾನೆಲ್ 2024ರಲ್ಲಿ ಚೀನಾದ ಕಾರ್ಖಾನೆ ಬಾಗಿಲಲ್ಲಿ ಹತ್ತು ಸೆಂಟ್‌ನ ಹತ್ತಿರ ಬಂದಿತ್ತು.

ಮಳೆಯ ಮಾತು ಚುಟುಕಾಗಿ ಮುಗಿಸುತ್ತೇನೆ. 2016ರಲ್ಲಿ ಚೀನಾದ ಸಂಶೋಧಕರು ಗ್ರಾಫೀನ್ (ಇಂಗಾಲದ ಅತಿ ತೆಳು ಹಾಳೆ) ಹಚ್ಚಿದ ಸೆಲ್‌ನಲ್ಲಿ ಮಳೆಹನಿಯಿಂದಲೂ ವಿದ್ಯುತ್ ತೆಗೆದರು ಅಂತ ಸುದ್ದಿಯಾಗಿತ್ತು. ಸಿಕ್ಕಿದ್ದು ಕೆಲವು ನೂರು ಮೈಕ್ರೋವೋಲ್ಟ್, ಅಂದರೆ ಒಂದು ವೋಲ್ಟಿನ ಸಾವಿರದ ಒಂದು ಪಾಲಿಗೂ ಕಡಿಮೆ. ಆಟಿ ತಿಂಗಳಲ್ಲಿ ನಿಮ್ಮ ಪ್ಯಾನೆಲ್ ಕೆಲಸ ಮಾಡುವುದು ಮೋಡದಿಂದ ಸೋಸಿ ಬರುವ ಬೆಳಕಿಗೆ. ಅದು ಎಲ್ಲ ಪ್ಯಾನೆಲ್‌ಗೂ ಒಂದೇ.

ಈಗ ಕೋಟಿಂಗ್. ಇದರ ಬಗ್ಗೆ ನನಗೆ ಸ್ವಂತ ಅನುಭವ ಇದೆ, ಸ್ವಲ್ಪ ಸಿಟ್ಟೂ ಇದೆ.

ಕೆಸುವಿನ ಎಲೆಯ ಮೇಲೆ ನೀರು ನಿಲ್ಲುವುದಿಲ್ಲ ಅಲ್ವಾ? ಪತ್ರೊಡೆಗೆ ಎಲೆ ತೊಳೆಯುವಾಗ ನೀರು ಮುತ್ತಿನ ಹಾಗೆ ಉರುಳಿ ಹೋಗುತ್ತದೆ. ಎಲೆಯ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಮೇಣದ ಏರುತಗ್ಗು ಇರುವುದೇ ಕಾರಣ. ನ್ಯಾನೋ ಕೋಟಿಂಗ್ ಅದನ್ನೇ ಗಾಜಿನ ಮೇಲೆ ನಕಲು ಮಾಡುತ್ತದೆ. ಮನೆಯಲ್ಲಿ ನಾಲ್ಕು ಪ್ಯಾನೆಲ್ ಇದ್ದಾಗ ಎರಡಕ್ಕೆ ಹಚ್ಚಿ, ಎರಡನ್ನು ಹಾಗೇ ಬಿಟ್ಟು ನೋಡಿದೆ. ಮೊದಲ ವಾರ ನೋಡಬೇಕಿತ್ತು, ಹನಿಗಳು ಓಡುವ ಚಂದ! ಎರಡನೇ ಮಳೆಗಾಲ ಮುಗಿಯುವ ಹೊತ್ತಿಗೆ ಯಾವುದಕ್ಕೆ ಹಚ್ಚಿದ್ದೆ ಅಂತ ಹಿಂದೆ ಬರೆದಿಟ್ಟ ಗುರುತು ನೋಡಿಯೇ ಹೇಳಬೇಕಾಯಿತು.

ಅಡಿಕೆಗೆ ಬೋರ್ಡೋ ಮದ್ದು (ಮೈಲುತುತ್ತ, ಸುಣ್ಣದ ದ್ರಾವಣ) ಹೊಡೆಯುವ ನಿಮಗೆ ಇದು ಹೊಸತಲ್ಲ. ಅಂಟು ಸೇರಿಸಿ ಹೊಡೆದರೂ ಕೊಳೆರೋಗಕ್ಕೆ 40-45 ದಿನಕ್ಕೆ ಮತ್ತೆ ಹೊಡೆಯಲೇಬೇಕು. ಕಾರಣ ಮಳೆ. ಬಿಸಿಲಿನ ನೇರಳಾತೀತ ಕಿರಣ, ಮಳೆ, ಒರೆಸುವ ಬಟ್ಟೆ, ಎಲ್ಲ ಸೇರಿ ಈ ಕೋಟಿಂಗನ್ನೂ ತಿನ್ನುತ್ತವೆ. ಅಂದಹಾಗೆ ಕಾರ್ಖಾನೆಯಲ್ಲಿ ಗಾಜಿಗೆ ಹಾಕಿದ ಪದರ ಬೇರೆ, ಅದು ಗಾಜಿನ ಜೊತೆ ಬೆಂದು ಕೂತಿರುತ್ತದೆ. ಇದು ಕೈಯಿಂದ ಹೊಡೆದದ್ದು. ಒಳಗಿನ ಪದರದ ತೂತುಗಳನ್ನು ಮುಚ್ಚಿ ಬೆಳಕು ಕಡಿಮೆ ಮಾಡುವ ಅಪಾಯವೂ ಇದೆ. ಹಲವು ಪ್ಯಾನೆಲ್ ಕಂಪನಿಗಳು ಹೊರಗಿನ ಕೋಟಿಂಗ್ ಹಚ್ಚಿದರೆ ಗ್ಯಾರಂಟಿ ಹೋಗುತ್ತದೆ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತವೆ. ಅದನ್ನು ಓದದೆ ಒಪ್ಪಬೇಡಿ.

ಇಷ್ಟಕ್ಕೂ ನಮ್ಮಲ್ಲಿ ಧೂಳಿನ ತೊಂದರೆ ರಾಜಸ್ಥಾನದ ಹಾಗಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆಯೇ ತೊಳೆಯುತ್ತದೆ. ತೊಳೆಯಬೇಕಾದದ್ದು ಡಿಸೆಂಬರ್‌ನಿಂದ ಮೇವರೆಗೆ, ಅದೂ ಕೆಂಪುಕಲ್ಲಿನ ಕ್ವಾರಿ ಹತ್ತಿರ ಇದ್ದರೆ ಜಾಸ್ತಿ. ನಾನು ನೋಡಿದ ನಿಜವಾದ ಶತ್ರುಗಳು ಎರಡು. ಒಂದು, ಪ್ಯಾನೆಲ್‌ನ ಕೆಳಗಿನ ಅಂಚು. ಚೌಕಟ್ಟಿನ ಉಬ್ಬಿದ ಅಂಚಿಗೆ ನೀರು ತಡೆದು ನಿಂತು, ಒಣಗಿ, ಬೆರಳಗಲದ ಕೆಸರಿನ ಗೆರೆ ಕೂರುತ್ತದೆ. ಮಳೆಗಾಲದಲ್ಲಿ ಅದೇ ಜಾಗಕ್ಕೆ ಹಸಿರು ಪಾಚಿ. ಅದರ ಕೆಳಗಿರುವ ಸಾಲಿನ ಸೆಲ್‌ಗಳಿಗೆ ಮಬ್ಬು. ಇದಕ್ಕೆ ಪ್ಯಾನೆಲನ್ನು ಹತ್ತು ಡಿಗ್ರಿಗಿಂತ ಚಪ್ಪಟೆಯಾಗಿ ಮಲಗಿಸದಿರುವುದೇ ಮದ್ದು. 12ರಿಂದ 15 ಡಿಗ್ರಿ ದಕ್ಷಿಣಕ್ಕೆ ಇಳಿಜಾರು ಕೊಡಿ. ಇನ್ನೊಂದು, ಬೋರ್ಡೋ. ಗಾಳಿಗೆ ಹಾರಿ ಬಂದು ಗಾಜಿನ ಮೇಲೆ ನೀಲಿ-ಬಿಳಿ ಚುಕ್ಕಿಯಾಗಿ ಒಣಗಿದ ಸುಣ್ಣ ಗಟ್ಟಿ. ಕತ್ತಿಯಿಂದ ಕೆರೆದವರನ್ನು ನೋಡಿದ್ದೇನೆ, ಗಾಜಿನ ಪದರವೇ ಎದ್ದು ಬಂದಿತ್ತು. ಮದ್ದು ಹೊಡೆದ ದಿನ ಸಂಜೆ, ಗಾಜು ತಣಿದ ಮೇಲೆ, ಸಾದಾ ನೀರು ಹಾಯಿಸಿ ಮೆತ್ತಗಿನ ಬಟ್ಟೆಯಲ್ಲಿ ಒರೆಸಿಬಿಡಿ. 12 ಸಾವಿರಕ್ಕೆ ಒಂದು ಉದ್ದ ಕೋಲಿನ ಬ್ರಷ್ಷು ಮತ್ತು ಪೈಪು ತಂದು, ಉಳಿದ ಹಣವನ್ನು ಅಮ್ಮನ ಕೈಗೆ ಕೊಡಿ.

ಮಗನ ಮಾತಿಗೆ ಬರುತ್ತೇನೆ. ಅವನು ಓದಿದ್ದು ತಪ್ಪಲ್ಲ. ಪೆರೋವ್‌ಸ್ಕೈಟ್ 2009ರಲ್ಲಿ ಜಪಾನಿನಲ್ಲಿ ಶೇ. 3.8 ದಕ್ಷತೆಯಿಂದ ಶುರುವಾಗಿ ಈಗ ಶೇ. 26 ದಾಟಿದೆ. ಸಿಲಿಕಾನ್ ಮೇಲೆ ಅದನ್ನು ಕೂರಿಸಿದ ಜೋಡಿ ಸೆಲ್ ಪ್ರಯೋಗಾಲಯದಲ್ಲಿ ಶೇ. 34 ದಾಟಿದೆ, ಸಿಲಿಕಾನ್ ಒಂದೇ ಎಷ್ಟು ಹೆಣಗಿದರೂ ಶೇ. 29.4ರ ಆಚೆ ಹೋಗಲಾರದು. 2024ರಲ್ಲಿ ಆಕ್ಸ್‌ಫರ್ಡ್ ಪಿವಿ ಕಂಪನಿ ಮೊದಲ ಬಾರಿ ಇಂಥ ಜೋಡಿ ಪ್ಯಾನೆಲ್‌ಗಳನ್ನು ಗ್ರಾಹಕರಿಗೆ ಕಳುಹಿಸಿತು, ದಕ್ಷತೆ ಶೇ. 24.5. ದಾಖಲೆ ಸೆಲ್‌ಗಳು ಸಾಮಾನ್ಯವಾಗಿ ಉಗುರಿನಷ್ಟು ಅಗಲ ಅನ್ನುವುದನ್ನು ಮಾತ್ರ ಮರೆಯಬಾರದು.

ತೊಡಕು ಇರುವುದು ಬಾಳಿಕೆಯಲ್ಲಿ. ಪೆರೋವ್‌ಸ್ಕೈಟ್‌ಗೆ ತೇವ ಆಗಿಬರುವುದಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಜಾಸ್ತಿ ಮಳೆ ಬೀಳುವ ನಮ್ಮ ಜಿಲ್ಲೆಗೆ ಇದು ಸಣ್ಣ ಮಾತಲ್ಲ. ಪ್ಯಾನೆಲ್‌ಗಳಿಗೆ ಒಂದು ಪರೀಕ್ಷೆ ಇದೆ: 85 ಡಿಗ್ರಿ ಬಿಸಿ, ಶೇ. 85 ತೇವ, ಒಂದು ಸಾವಿರ ಗಂಟೆ. ನಮ್ಮ ಜುಲೈ ತಿಂಗಳನ್ನು ಬೇಯಿಸಿದ ಹಾಗೆ. ಸಿಲಿಕಾನ್ ಇದನ್ನು ದಾಟಿ ದಶಕಗಳಾದವು, ಮೇಲಾಗಿ ತಾರಸಿಗಳಲ್ಲಿ 25 ವರ್ಷ ಬಾಳಿ ತೋರಿಸಿದೆ. ಹೊಸತಕ್ಕೆ ಆ ವಯಸ್ಸೇ ಆಗಿಲ್ಲ. ಹತ್ತು ವರ್ಷಕ್ಕೆ ಪ್ಯಾನೆಲ್ ಬದಲಿಸಬೇಕಾದರೆ, ಅರ್ಧ ಬೆಲೆಗೆ ಸಿಕ್ಕಿದರೂ ಯೂನಿಟಿನ ಖರ್ಚು ಜಾಸ್ತಿಯೇ ಆಗುತ್ತದೆ. ಇಳಿಸುವ, ಏರಿಸುವ ಕೂಲಿ ಬೇರೆ.

ಇನ್ನು ಅರ್ಧ ರೇಟಿನ ಮಾತು. ನಿಮ್ಮ 1 ಲಕ್ಷ 95 ಸಾವಿರದಲ್ಲಿ ಪ್ಯಾನೆಲ್‌ನ ಪಾಲು ಎಷ್ಟು? ವ್ಯಾಟಿಗೆ 25 ರೂಪಾಯಿ ಹಿಡಿದರೆ 75 ಸಾವಿರ. ಉಳಿದದ್ದು ಇನ್ವರ್ಟರ್, ಕಬ್ಬಿಣದ ಸ್ಟ್ಯಾಂಡು, ವಯರು, ಕೂಲಿ, ಅವರ ಲಾಭ. ಪ್ಯಾನೆಲ್‌ನ ಬೆಲೆ ನಾಳೆಯೇ ಅರ್ಧ ಆದರೂ ಉಳಿಯುವುದು 37 ಸಾವಿರ. ಎರಡು ವರ್ಷ ಕಾದರೆ ಕಳೆದುಕೊಳ್ಳುವ ಕರೆಂಟ್ 8000 ಯೂನಿಟ್, ಅಂದರೆ 48 ಸಾವಿರ. ಮಗನಿಗೆ ಈ ಲೆಕ್ಕ ತೋರಿಸಿ.

ಅಮ್ಮನ ಪ್ರಶ್ನೆಯನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎಂಡೋಸಲ್ಫಾನ್ ಕಂಡ ಊರು ಎಣ್ಮಕಜೆ. ‘ಏನೂ ಆಗುವುದಿಲ್ಲ’ ಅನ್ನುವ ಮಾತನ್ನು ಅಲ್ಲಿಯವರು ಒಂದು ಸಲ ನಂಬಿ ಸಾಕಾಗಿದೆ. ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಸಿಲಿಕಾನ್ ಪ್ಯಾನೆಲ್‌ನ ನ್ಯಾನೋ ಪದರಗಳು ಪುಡಿಯಲ್ಲ. ಸೆಲ್‌ಗೆ, ಗಾಜಿಗೆ ಅಂಟಿ ಕೂತ ಪದರಗಳು, ಮಳೆಗೆ ಕರಗಿ ಬರುವುದಿಲ್ಲ. ಬೆಸುಗೆಯಲ್ಲಿ ಸ್ವಲ್ಪ ಸೀಸ ಇದೆ, ಅದು ಗಾಜು ಮತ್ತು ಪ್ಲಾಸ್ಟಿಕ್ ಹಾಳೆಗಳ ನಡುವೆ ಮುಚ್ಚಿಕೊಂಡಿರುತ್ತದೆ. ಪ್ಯಾನೆಲ್ ಒಡೆದರೆ ತೋಟದ ಮೂಲೆಗೆ ಎಸೆಯದೆ ಮಾರಿದವರಿಗೇ ವಾಪಸು ಕೊಡಿ. ಪೆರೋವ್‌ಸ್ಕೈಟ್‌ನಲ್ಲಿ ಸೀಸ ಚದರ ಮೀಟರಿಗೆ ಒಂದು ಗ್ರಾಂನ ಒಳಗೆ, ಆದರೆ ನೀರು ತಾಗಿದರೆ ಕರಗುವ ರೂಪದಲ್ಲಿದೆ. ಅಲ್ಲಿ ಎಚ್ಚರ ಬೇಕು, ಕಂಪನಿಗಳೂ ಅದರ ಮೇಲೆ ಕೆಲಸ ಮಾಡುತ್ತಿವೆ. ಅಮ್ಮನ ಹೆದರಿಕೆ ನಿಜವಾಗಿ ಹೊಂದುವುದು ಆ 12 ಸಾವಿರದ ಸ್ಪ್ರೇಗೆ. ನೀರು ಅಂಟದಂತೆ ಮಾಡುವ ಹಲವು ಕೋಟಿಂಗ್‌ಗಳಲ್ಲಿ ಫ್ಲೋರಿನ್ ಸಂಯುಕ್ತಗಳಿರುತ್ತವೆ. ಹೊಡೆಯುವಾಗ ಉಸಿರಿಗೆ ಹೋಗುತ್ತದೆ, ಸವೆದದ್ದು ತಾರಸಿಯ ನೀರಿಗೆ ಸೇರುತ್ತದೆ. ನೀವು ಆ ನೀರನ್ನು ಬಾವಿಗೆ ಬಿಡುವವರು. ಬೇಡ.

ನಾನಾಗಿದ್ದರೆ 1 ಲಕ್ಷ 95 ಸಾವಿರದವರ ಜೊತೆ ಕೂತು ಮಾತಾಡುತ್ತಿದ್ದೆ. ಪ್ಯಾನೆಲ್ ಟಾಪ್‌ಕಾನ್ ಇದೆಯಾ, ಐಇಸಿ (ಅಂತರರಾಷ್ಟ್ರೀಯ ಗುಣಮಟ್ಟ) 61215 ಮತ್ತು 61730 ಸರ್ಟಿಫಿಕೇಟ್ ಇದೆಯಾ, ಹಟ್ಟಿ ಹತ್ತಿರ ಇದ್ದರೆ ಅಮೋನಿಯಾ ಪರೀಕ್ಷೆಯ 62716 ಇದೆಯಾ ಅಂತ ಕೇಳಿ. ಪಿಎಂ ಸೂರ್ಯ ಘರ್ ಯೋಜನೆಯಲ್ಲಿ 3 ಕಿಲೋವ್ಯಾಟ್‌ಗೆ 78 ಸಾವಿರ ಸಬ್ಸಿಡಿ ಇದೆ. ಸೆಲ್ ಮತ್ತು ಪ್ಯಾನೆಲ್ ಎರಡೂ ಭಾರತದಲ್ಲಿ ಮಾಡಿದ್ದಾಗಿದ್ದರೆ ಮಾತ್ರ ಅದು ಸಿಗುತ್ತದೆ, ಇದಕ್ಕೆ ಡಿಸಿಆರ್ ಅನ್ನುತ್ತಾರೆ. ಆ ‘ನ್ಯಾನೋ’ ಪ್ಯಾನೆಲ್ ಹೊರದೇಶದ್ದಾದರೆ 60 ಸಾವಿರದ ಜೊತೆ ಈ 78 ಸಾವಿರವೂ ಹೋಯಿತು. ಇದನ್ನು ಮೊದಲು ವಿಚಾರಿಸಿ.

ಉಳಿದ ಹಣದಲ್ಲಿ ಒಂದು ಪಾಲು ಅರ್ತಿಂಗ್‌ಗೆ ಇಡಿ. ನಮ್ಮ ಕೆಂಪುಕಲ್ಲಿನ ಗುಡ್ಡ ಬೇಸಿಗೆಯಲ್ಲಿ ಒಣಗಿ ಕೂರುತ್ತದೆ, ಅರ್ತ್ ಸರಿಯಾಗಿ ಸಿಗುವುದಿಲ್ಲ. ಸಿಡಿಲು ಬರುವುದೂ ಅದೇ ಏಪ್ರಿಲ್-ಮೇಯಲ್ಲಿ, ಆಮೇಲೆ ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಮಳೆಯಲ್ಲಿ. ನನ್ನ ಮನೆಯ ಮೊದಲ ಇನ್ವರ್ಟರ್ ಹೋದದ್ದು ಹಾಗೆಯೇ. ಹಾಕಿಕೊಟ್ಟವರು ಒಂದೇ ಗುಂಡಿ ತೋಡಿ, ಎಲ್ಲ ವಯರನ್ನೂ ಅದಕ್ಕೇ ಬಿಟ್ಟಿದ್ದರು. ನಾನೂ ನೋಡಲಿಲ್ಲ. ಈಗ ಪ್ಯಾನೆಲ್‌ಗೊಂದು, ಇನ್ವರ್ಟರ್‌ಗೊಂದು, ಸಿಡಿಲಿನ ಸರಳಿಗೊಂದು ಗುಂಡಿ, ಇನ್ವರ್ಟರ್‌ನ ಎರಡೂ ಬದಿಗೆ ಸರ್ಜ್ ಪ್ರೊಟೆಕ್ಟರ್ (ಸಿಡಿಲಿಗೆ ಏರುವ ವೋಲ್ಟೇಜ್ ತಡೆಯುವ ಸಾಧನ) ಇಲ್ಲದೆ ಯಾರಿಗೂ ಹೇಳುವುದಿಲ್ಲ. ಇನ್ನೊಂದು ಮಾತು: ಬ್ಯಾಟರಿ ಇಲ್ಲದ ಸಿಸ್ಟಮ್ ಆದರೆ, ಮರ ಬಿದ್ದು ಲೈನ್ ಹೋದಾಗ ಬಿಸಿಲಿದ್ದರೂ ನಿಮ್ಮ ಸೋಲಾರ್ ನಿಲ್ಲುತ್ತದೆ. ಇದನ್ನು ಯಾರೂ ಮುಂಚೆ ಹೇಳುವುದಿಲ್ಲ.

ಸಹಿ ಹಾಕುವ ಮುಂಚೆ ಒಂದು ದಿನ ತಾರಸಿ ಹತ್ತಿ. ಒಂಬತ್ತು ಗಂಟೆ, ಹನ್ನೆರಡು, ಮೂರು, ಮೂರು ಹೊತ್ತಿನ ಫೋಟೋ ತೆಗೆಯಿರಿ. ಡಿಸೆಂಬರ್‌ನಲ್ಲಾದರೆ ಒಳ್ಳೆಯದು, ಆಗ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉದ್ದ ಬೀಳುತ್ತದೆ. ದಕ್ಷಿಣ ಬದಿಯ ತೆಂಗಿನ ನೆರಳು ಪ್ಯಾನೆಲ್ ಬರುವ ಜಾಗಕ್ಕೆ ಮುಟ್ಟುತ್ತಿದ್ದರೆ ಆ ಫೋಟೋಗಳನ್ನು, ಎರಡೂ ಕೊಟೇಷನ್‌ನಲ್ಲಿರುವ ಪ್ಯಾನೆಲ್‌ಗಳ ಮಾಡೆಲ್ ನಂಬರನ್ನು ಕಳುಹಿಸಿ. ಸ್ಟ್ಯಾಂಡನ್ನು ಎರಡಡಿ ಎತ್ತರಿಸಿದರೆ ಸಾಕಾ, ತೆಂಗು ಕಡಿಯಬೇಕಾ ಅಂತ ಆಗ ನೋಡುವ.